ರದ್ದು ಮಾಡಿ ಯಾರಿಗೂ ಹೇಳದೇ ಇರೋದು ಆಪ್ಟಿಮೈಸೇಶನ್ ಅಲ್ಲ

1/8

ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ಇದೆ. ಸ್ಟೋರೀಲಿ ಹಾಕಿದ್ರೆ ಯಾರೂ ನಿಂತು ಓದಲ್ಲ, ಅದಕ್ಕೇ ಎಂಟು ಪೋಸ್ಟ್ ಮಾಡಿ ಕ್ಯಾಪ್ಶನ್‌ನಲ್ಲಿ ಬರೀತಿದೀನಿ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಓಡಾಡ್ತು. ಯಾರ ಪೇಜ್ ಅಂತ ಹೇಳಲ್ಲ, ನೋಡಿದವರಿಗೆ ಗೊತ್ತು. ಲಿನಕ್ಸ್ ಹಾಕಿರೋ ಲ್ಯಾಪ್‌ಟಾಪಲ್ಲಿ ಬೂಟ್ ಸೆಟ್ಟಿಂಗ್‌ಗೆ ಎರಡು ಸಾಲು ಸೇರಿಸಿ, ಗೇಮ್ ರಾಕೆಟ್ ಥರ ಓಡುತ್ತೆ ಅಂತ. ಒಂದು ಸಾಲು ಸೆಕ್ಯುರಿಟಿ ತಡೆಗಳನ್ನೆಲ್ಲ ಒಟ್ಟಿಗೆ ಆಫ್ ಮಾಡೋದು, ಇನ್ನೊಂದು ಐಒಎಂಎಂಯು ಆಫ್ ಮಾಡೋದು. ಕಾರಣ ಏನು ಹೇಳಿದಾರೆ ಅಂದ್ರೆ, "ಕರ್ನಲ್ ಡ್ರೈವರ್‌ಗಳು ಸುಮ್‌ಸುಮ್ನೆ ಕ್ಯಾಶ್ ಅಳಿಸ್ತಾ ಕೂತಿರ್ತವೆ, ಅದನ್ನ ನಿಲ್ಲಿಸೋದೇ ಆಪ್ಟಿಮೈಸೇಶನ್."

ನಮ್ಮ ಕ್ಲಾಸಿನ ನಾಲ್ಕು ಜನ ಆಗಲೇ ಮಾಡ್ಕೊಂಡೂ ಬಿಟ್ಟಿದಾರೆ. ನಾನು ಆ ರೀಲ್ ಕೆಳಗೆ "ಅಳಿಸದೇ ಇದ್ರೆ ಏನಾಗುತ್ತೆ ಅಂತಾನೂ ಹೇಳಿ" ಅಂತ ಕೇಳಿದೆ. ಬಂದ ಉತ್ತರ: "ಬಿಕಾಂ ಅವರು ಟ್ಯಾಲಿ ನೋಡ್ಕೊಳ್ಳಿ ಬ್ರೋ."

ಸರಿ. ಟ್ಯಾಲಿಯಿಂದಲೇ ಶುರು ಮಾಡೋಣ.

2/8

ಈ ಫೋಟೋ ನಮ್ಮ ಅಂಗಡಿ ಬೋರ್ಡ್. ಹಾರ್ಡ್‌ವೇರ್ ಅಂಗಡಿ, ಅಂದ್ರೆ ಕಬ್ಬಿಣ, ಪೇಂಟ್, ಪೈಪಿನ ಹಾರ್ಡ್‌ವೇರ್. ಮೂರು ಹೆಸರು ಇತ್ತು: ಅಪ್ಪ, ಚಿಕ್ಕಪ್ಪ, ಇನ್ನೊಬ್ಬರು. ಮೂರನೇ ಹೆಸರಿನ ಮೇಲೆ ಬಿಳಿ ಪೇಂಟ್ ಹೊಡೆದಿದೀವಿ, ಆದ್ರೂ ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣುತ್ತೆ.

ಅವರು ಪಾಲುದಾರಿಕೆ ಬಿಟ್ಟಾಗ ಲೆಕ್ಕ ಚುಕ್ತಾ ಆಯ್ತು, ಪತ್ರ ಬದಲಾಯ್ತು, ಎಲ್ಲರೂ ಸಹಿ ಹಾಕಿದ್ರು, ಕಾಫಿ ಕುಡಿದ್ರು. ಮುಗೀತು ಅಂದ್ಕೊಂಡ್ವಿ. ಐದು ತಿಂಗಳ ಮೇಲೆ ಒಬ್ಬ ಸಪ್ಲೈಯರ್ ಬಂದು 1,86,000 ರೂಪಾಯಿ ಬಿಲ್ ಮುಂದಿಟ್ಟ. ಬಿಟ್ಟು ಹೋದವರು ನಮ್ಮ ಫರ್ಮ್ ಹೆಸರಲ್ಲೇ ಮಾಲು ಎತ್ತಿದ್ರು. ಅಪ್ಪ ಪತ್ರ ತೋರಿಸಿದ್ರು. ಸಪ್ಲೈಯರ್ ಕೇಳಿದ್ದು ಒಂದೇ ಮಾತು: "ನನಗೆ ಯಾರು ಹೇಳಿದ್ರು?"

ನಾವು ಬಿಸಿನೆಸ್ ಲಾ ಪೇಪರಿಗೆ ಬಾಯಿಪಾಠ ಮಾಡಿದ್ವಲ್ಲ, 1932ರ ಭಾರತೀಯ ಪಾಲುದಾರಿಕೆ ಕಾಯ್ದೆ, ಸೆಕ್ಷನ್ 32(3). ಪಾಲುದಾರ ನಿವೃತ್ತಿ ಆದ್ರೂ ಸಾರ್ವಜನಿಕ ನೋಟಿಸ್ ಕೊಡೋ ತನಕ ಹೊರಗಿನವರಿಗೆ ಎಲ್ಲರೂ ಹೊಣೆ. ನೋಟಿಸ್ ಹೇಗೆ ಕೊಡಬೇಕು ಅನ್ನೋದು ಸೆಕ್ಷನ್ 72: ಗೆಜೆಟ್‌ನಲ್ಲಿ ಬರಬೇಕು, ಆ ಜಿಲ್ಲೆಯಲ್ಲಿ ಓಡಾಡೋ ದೇಶಭಾಷೆಯ ಒಂದು ಪತ್ರಿಕೆಯಲ್ಲೂ ಬರಬೇಕು. ಎರಡು ಮಾರ್ಕಿನ ಪ್ರಶ್ನೆ ಅಂತ ನಾವು ನಗಾಡಿದ್ದು. ನಮ್ಮನೇಲಿ ಅದರ ಬೆಲೆ 1,86,000. ಅಪ್ಪ ಕಟ್ಟಿದ್ರು, ನಾನು ಹಾಸ್ಟೆಲ್ ಬಿಟ್ಟು ದಿನಾ ಬಸ್ಸಲ್ಲಿ ಬರೋಕೆ ಶುರು ಮಾಡಿದ್ದೂ ಆಗಲೇ.

ಈಗ ಇದನ್ನ ತಲೇಲಿ ಇಟ್ಕೊಂಡು ಕಂಪ್ಯೂಟರ್ ಒಳಗೆ ಬನ್ನಿ. ಪತ್ರ ಬದಲಾಯಿಸೋದು ಬೇರೆ ಕೆಲಸ. ಹಳೇ ಪತ್ರ ನಂಬ್ಕೊಂಡು ಕೂತವರಿಗೆ ತಿಳಿಸೋದು ಬೇರೆ ಕೆಲಸ. ಕರ್ನಲ್‌ನಲ್ಲೂ ಇವು ಎರಡೂ ಬೇರೆ ಬೇರೆ ಕೆಲಸಗಳೇ.

3/8

ಪ್ರೋಗ್ರಾಂ ಬಳಸೋ ಮೆಮೊರಿ ವಿಳಾಸ ನಿಜವಾದ ವಿಳಾಸ ಅಲ್ಲ. ಆಪರೇಟಿಂಗ್ ಸಿಸ್ಟಂ ಒಂದು ಲೆಡ್ಜರ್ ಇಟ್ಟಿರುತ್ತೆ, ಪೇಜ್ ಟೇಬಲ್ ಅಂತ. ಪ್ರೋಗ್ರಾಂ ಹೇಳೋ ವಿಳಾಸ ಎಡಗಡೆ, ರ‍್ಯಾಮ್‌ನ ನಿಜವಾದ ಜಾಗ ಬಲಗಡೆ. ಸಾಮಾನ್ಯವಾಗಿ 4 ಕೆಬಿಗೆ ಒಂದು ಪುಟ. ನಮ್ಮ ಲ್ಯಾಪ್‌ಟಾಪಿನ 64 ಬಿಟ್ ಪ್ರೊಸೆಸರ್‌ಗಳಲ್ಲಿ ಈ ಲೆಡ್ಜರ್ ಸಾಮಾನ್ಯವಾಗಿ ನಾಲ್ಕು ಹಂತದ್ದು: ಒಂದು ವಿಳಾಸ ಹುಡುಕೋಕೆ ನಾಲ್ಕು ಸಲ ಮೆಮೊರಿ ಓದಬೇಕು. ಪ್ರತಿ ಸಲ ಹಾಗೆ ಹುಡುಕ್ತಾ ಕೂತ್ರೆ ಕೆಲಸ ನಡೆಯಲ್ಲ. ಅದಕ್ಕೆ ಪ್ರೊಸೆಸರ್ ಇತ್ತೀಚೆಗೆ ನೋಡಿದ ಉತ್ತರಗಳನ್ನ ಜೇಬಲ್ಲಿ ಚೀಟಿ ಮಾಡಿ ಇಟ್ಕೊಂಡಿರುತ್ತೆ. ಆ ಚೀಟಿ ಕಟ್ಟೇ ಟಿಎಲ್‌ಬಿ.

ಈಗ ಕರ್ನಲ್ ಒಂದು ಪುಟವನ್ನ ನಿಮ್ಮಿಂದ ವಾಪಸ್ ತಗೊಂಡು ಇನ್ನೊಬ್ಬರಿಗೆ ಕೊಡುತ್ತೆ ಅಂತ ಇಟ್ಕೊಳ್ಳಿ. ಲೆಡ್ಜರ್‌ನಲ್ಲಿ ಗೆರೆ ಹೊಡೆದಾಯ್ತು. ಆದ್ರೆ ಜೇಬಲ್ಲಿರೋ ಚೀಟಿ? ಅದು ತಾನಾಗೇ ಹರಿಯಲ್ಲ. ಕರ್ನಲ್ ಸ್ಪಷ್ಟವಾಗಿ "ಈ ಚೀಟಿ ರದ್ದು" ಅಂತ ಹೇಳಬೇಕು. ಎಂಟು ಕೋರ್ ಇದ್ರೆ ಎಂಟು ಜೇಬು. ಇಂಟೆಲ್, ಎಎಂಡಿ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕೋರ್ ಉಳಿದ ಕೋರ್‌ಗಳಿಗೆ ಇಂಟರಪ್ಟ್ ಕಳಿಸಿ, ಅವೆಲ್ಲ "ಹರಿದೆ" ಅಂತ ಹೇಳೋ ತನಕ ಕಾಯುತ್ತೆ. ಇದಕ್ಕೆ ಶೂಟ್‌ಡೌನ್ ಅಂತಾರೆ. ನಿಮ್ಮ ಫೋನಿನ ಆರ್ಮ್ ಪ್ರೊಸೆಸರ್‌ನಲ್ಲಿ ಒಂದೇ ಆದೇಶ ಎಲ್ಲಾ ಕೋರ್‌ಗಳಿಗೂ ಹೋಗುತ್ತೆ, ಆದ್ರೆ ಅಲ್ಲೂ ಮುಗಿಯೋ ತನಕ ಕಾಯೋದು ತಪ್ಪಲ್ಲ.

ಈ ಕಾಯೋದು ನಿಜವಾಗ್ಲೂ ದುಬಾರಿ. ರೀಲ್‌ನವರು ಅಷ್ಟರ ಮಟ್ಟಿಗೆ ಸರಿ. ಅದನ್ನ ನಾನು ಅಲ್ಲಗಳೀತಿಲ್ಲ.

4/8

ಚೀಟಿ ಇರೋದು ಪ್ರೊಸೆಸರ್ ಜೇಬಲ್ಲಿ ಮಾತ್ರ ಅಲ್ಲ. ಗ್ರಾಫಿಕ್ಸ್ ಚಿಪ್‌ಗೂ ಅದರದ್ದೇ ಪೇಜ್ ಟೇಬಲ್, ಅದರದ್ದೇ ಟಿಎಲ್‌ಬಿ. ಅದಕ್ಕೆ ರದ್ದು ಸುದ್ದಿ ಹೇಳೋ ಜವಾಬ್ದಾರಿ ಡ್ರೈವರ್‌ದು.

ನಮ್ಮಲ್ಲಿ ಬಹುಪಾಲು ಜನರ ಲ್ಯಾಪ್‌ಟಾಪಲ್ಲಿ ಇರೋದು ಇಂಟೆಲ್ ಒಳಗೇ ಕೊಟ್ಟಿರೋ ಗ್ರಾಫಿಕ್ಸ್. ಲಿನಕ್ಸ್‌ನಲ್ಲಿ ಅದನ್ನ ವರ್ಷಗಳಿಂದ ನಡೆಸ್ತಿರೋ ಡ್ರೈವರ್ ಹೆಸರು ಐ915. 2022ರ ಜನವರಿಯಲ್ಲಿ ಒಂದು ವಿಷಯ ಹೊರಗೆ ಬಂತು: ಈ ಡ್ರೈವರ್ ಮೆಮೊರಿ ಪುಟಗಳನ್ನ ಸಿಸ್ಟಂಗೆ ವಾಪಸ್ ಕೊಡುವಾಗ ಗ್ರಾಫಿಕ್ಸ್ ಚಿಪ್‌ನ ಟಿಎಲ್‌ಬಿಯಲ್ಲಿರೋ ಹಳೇ ಎಂಟ್ರಿಗಳನ್ನ ರದ್ದು ಮಾಡ್ತಿರಲಿಲ್ಲ. ಸಿವಿಇ-2022-0330 ಅಂತ ಅದಕ್ಕೆ ನಂಬರ್ ಕೊಟ್ರು.

ಅರ್ಥ ಆಯ್ತಾ? ಪುಟ ವಾಪಸ್ ಹೋಯ್ತು. ಕರ್ನಲ್ ಅದನ್ನ ಬೇರೆ ಪ್ರೋಗ್ರಾಂಗೆ ಕೊಡ್ತು. ಅದರಲ್ಲಿ ಈಗ ನಿಮ್ಮ ಪಾಸ್‌ವರ್ಡ್ ಇರಬಹುದು, ಕರ್ನಲ್‌ನದ್ದೇ ಏನಾದ್ರೂ ಇರಬಹುದು. ಆದ್ರೆ ಗ್ರಾಫಿಕ್ಸ್ ಚಿಪ್ ಜೇಬಲ್ಲಿ ಹಳೇ ಚೀಟಿ ಇನ್ನೂ ಇದೆ. ದುರುದ್ದೇಶದ ಪ್ರೋಗ್ರಾಂ ಆ ಚಿಪ್ ಮೇಲೆ ತನ್ನ ಕೋಡ್ ಓಡಿಸಿದ್ರೆ ಆ ಪುಟ ಓದಬಹುದು, ಅದರ ಮೇಲೆ ಬರೀಬಹುದು. ಬಿಟ್ಟುಹೋದ ಪಾಲುದಾರ ನಮ್ಮ ಹೆಸರಲ್ಲಿ ಮಾಲು ಎತ್ತಿದ ಹಾಗೇ. ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ, ಮಾಮೂಲಿ ಬಳಕೆದಾರ ಸಾಕು.

ಅಂದ್ರೆ ರೀಲ್‌ನವರು ಕೇಳ್ತಿರೋ "ಅಳಿಸದೇ ಇರೋ" ಡ್ರೈವರ್ ಆಗಲೇ ಇತ್ತು ಗುರು. ಅದಕ್ಕೆ ಜಗತ್ತು ಇಟ್ಟ ಹೆಸರು ಬಗ್.

ಇದು ಒಂದೇ ಸಲ ಆದ ಕಥೆ ಅಂದ್ಕೋಬೇಡಿ. 2018ರಲ್ಲಿ ಗೂಗಲ್ ಪ್ರಾಜೆಕ್ಟ್ ಝೀರೋದ ಯಾನ್ ಹಾರ್ನ್ ಲಿನಕ್ಸ್‌ನ ಎಂಆರ್‌ಇಮ್ಯಾಪ್‌ನಲ್ಲಿ ಹಿಡಿದದ್ದೂ ಇದೇ ಜಾತಿಯದ್ದು. ಅಲ್ಲಿ ಅಳಿಸೋದು ಮರೆತಿರಲಿಲ್ಲ, ಬೀಗ ಬಿಟ್ಟ ಮೇಲೆ ಅಳಿಸ್ತಿದ್ರು ಅಷ್ಟೇ. ಆ ಚಿಕ್ಕ ಸಂದಿನಲ್ಲೇ ಪುಟ ಇನ್ನೊಬ್ಬರ ಕೈಗೆ ಹೋಗಿಬಿಡಬಹುದಿತ್ತು. ನೋಟಿಸ್ ಕೊಟ್ಟರೂ ಎರಡು ದಿನ ತಡವಾಗಿ ಕೊಟ್ಟ ಹಾಗೆ.

5/8

ಈಗ ಐಒಎಂಎಂಯು. ಹೆಸರು ನೋಡಿ ಹೆದರಬೇಡಿ. ನೆಟ್‌ವರ್ಕ್ ಕಾರ್ಡ್, ಎಸ್‌ಎಸ್‌ಡಿ ಇವೆಲ್ಲ ಪ್ರೊಸೆಸರ್‌ನ ಕೇಳದೇ ನೇರವಾಗಿ ರ‍್ಯಾಮ್‌ಗೆ ಬರೀತವೆ. ಅವು ಸಿಕ್ಕಸಿಕ್ಕ ಕಡೆ ಬರೀದೇ ಇರಲಿ ಅಂತ ಬಾಗಿಲಲ್ಲಿ ನಿಂತಿರೋ ವಾಚ್‌ಮನ್ ಐಒಎಂಎಂಯು. ವಾಚ್‌ಮನ್‌ಗೂ ಒಂದು ಜೇಬು, ಅದರಲ್ಲೂ ಚೀಟಿಗಳು. ನೆಟ್‌ವರ್ಕ್ ಕಾರ್ಡ್‌ಗೆ ಒಂದು ಬಫರ್ ಕೊಟ್ಟು ವಾಪಸ್ ತಗೊಂಡಾಗಲೆಲ್ಲ ಆ ಚೀಟಿ ರದ್ದಾಗಬೇಕು.

ಇಲ್ಲಿ ಲಿನಕ್ಸ್ ಎರಡು ದಾರಿ ಇಟ್ಟಿದೆ. ಸ್ಟ್ರಿಕ್ಟ್: ವಾಪಸ್ ತಗೊಂಡ ತಕ್ಷಣ ರದ್ದು. ಲೇಜಿ: ರದ್ದು ಮಾಡಬೇಕಾದ್ದನ್ನ ಸಾಲಲ್ಲಿ ಸೇರಿಸ್ತಾ ಹೋಗು, ಸಾಲು ತುಂಬಿದಾಗ ಅಥವಾ 10 ಮಿಲಿಸೆಕೆಂಡ್ ಆದಾಗ ಒಟ್ಟಿಗೆ ರದ್ದು ಮಾಡು. ಇಂಟೆಲ್, ಎಎಂಡಿ ಮಷಿನ್‌ಗಳಲ್ಲಿ ಕರ್ನಲ್ ತಾನಾಗಿ ಆರಿಸೋದು ಲೇಜಿ. ಆರ್ಮ್‌ನಲ್ಲಿ ಸ್ಟ್ರಿಕ್ಟ್.

10 ಮಿಲಿಸೆಕೆಂಡ್ ಅಂದ್ರೆ ಕಣ್ಣು ಮಿಟುಕಿಸೋಕೂ ಸಾಲಲ್ಲ ಅಂತೀರಾ? ಲೆಕ್ಕ ಹಾಕೋಣ, ಅದು ನಮ್ಮ ಕೆಲಸ ತಾನೇ. ಸೆಕೆಂಡಿಗೆ 10 ಗಿಗಾಬಿಟ್ ಓಡೋ ಕಾರ್ಡ್ 10 ಮಿಲಿಸೆಕೆಂಡಲ್ಲಿ 10 ಕೋಟಿ ಬಿಟ್ ತಳ್ಳುತ್ತೆ. ಎಂಟರಿಂದ ಭಾಗಿಸಿ: 1.25 ಕೋಟಿ ಬೈಟ್, ಹತ್ತಿರತ್ತಿರ 12 ಎಂಬಿ. 4 ಕೆಬಿ ಪುಟದ ಲೆಕ್ಕದಲ್ಲಿ ಸುಮಾರು 3,000 ಪುಟ ಬರೆಯುವಷ್ಟು ಸಮಯ. ನಮಗೆ ಚಿಕ್ಕದು, ಅದಕ್ಕೆ ಒಂದು ಮಧ್ಯಾಹ್ನ.

ನಂಬೋ ಸಾಧನಕ್ಕೆ ಲೇಜಿ ಕೊಡೋದು ಮಹಾಪಾಪ ಅಂತ ನಾನು ಹೇಳಲ್ಲ. ಮದರ್‌ಬೋರ್ಡ್ ಮೇಲೆ ಬೆಸುಗೆ ಹಾಕಿರೋ ಕಾರ್ಡ್ ಇದ್ದಕ್ಕಿದ್ದಂಗೆ ಕಳ್ಳ ಆಗೋದು ಕಡಿಮೆ. ಆದ್ರೆ ಹೊರಗಿಂದ ಚುಚ್ಚೋ ಸಾಧನ? 2019ರಲ್ಲಿ ಥಂಡರ್‌ಕ್ಲ್ಯಾಪ್ ಅನ್ನೋ ಸಂಶೋಧನೆ ಬಂತು, ಕೇಂಬ್ರಿಡ್ಜ್ ಮತ್ತು ರೈಸ್ ಯೂನಿವರ್ಸಿಟಿಯವರೂ ಇದ್ರು. ಥಂಡರ್‌ಬೋಲ್ಟ್ ಪೋರ್ಟ್‌ಗೆ ಚುಚ್ಚಿದ ಕೆಟ್ಟ ಸಾಧನ, ಐಒಎಂಎಂಯು ಇದ್ದರೂ ಎಷ್ಟು ದೂರ ಹೋಗಬಹುದು ಅಂತ ತೋರಿಸಿದ್ರು. ಈಗ ಲಿನಕ್ಸ್ ಹಾಗೆ ಹೊರಗಿನ ಪೋರ್ಟಿಂದ ಬರೋ, ನಂಬಿಕೆ ಇಲ್ಲದ ಸಾಧನಕ್ಕೆ ಲೇಜಿ ಕೊಡಲ್ಲ, ಸ್ಟ್ರಿಕ್ಟೇ.

ರೀಲ್ ಹೇಳಿದ್ದು ಲೇಜಿ ಕೂಡ ಅಲ್ಲ ನೆನಪಿರಲಿ. ವಾಚ್‌ಮನ್‌ನೇ ಮನೆಗೆ ಕಳಿಸಿ ಅಂದಿದ್ದು.

6/8

ಇನ್ನೊಂದು ಕಡೆಯವರಿಗೂ ಬೈಬೇಕು. "ಸೇಫ್ಟಿ ಬೇಕಂದ್ರೆ ಸ್ಲೋ ಆಗುತ್ತೆ, ಒಪ್ಕೋ" ಅನ್ನೋರು. ಏನೇ ಬದಲಾದ್ರೂ ಇಡೀ ಚೀಟಿ ಕಟ್ಟನ್ನೇ ಹರಿದು ಬಿಸಾಕೋರು. ಒಬ್ಬ ಪಾಲುದಾರ ಬಿಟ್ಟ ಅಂತ ಊರಿನ ಎಲ್ಲಾ ಅಂಗಡಿಗಳ ಖಾತೆ ಕ್ಲೋಸ್ ಮಾಡಿದ ಹಾಗೆ. ಇದೂ ಸೋಮಾರಿತನವೇ, ಸುರಕ್ಷಿತ ಸೋಮಾರಿತನ ಅಷ್ಟೇ.

ಕೆಲವು ಸಲ ಪೂರ್ತಿ ಹರಿಯೋದೇ ಲಾಭ, ಅದು ನಿಜ. ಲಿನಕ್ಸ್‌ನ ಎಕ್ಸ್86 ಕೋಡಲ್ಲಿ 33 ಅಂತ ಒಂದು ಗಡಿ ಇದೆ. 33 ಪುಟದ ತನಕ ಒಂದೊಂದಾಗಿ ರದ್ದು, ಅದಕ್ಕಿಂತ ಜಾಸ್ತಿ ಆದ್ರೆ ಪೂರ್ತಿ. ಒಂದೊಂದಾಗಿ ಹುಡುಕಿ ಹರಿಯೋ ಖರ್ಚು ಒಂದು ಕಡೆ, ಪೂರ್ತಿ ಹರಿದ ಮೇಲೆ ಮತ್ತೆ ಲೆಡ್ಜರ್ ನೋಡಿ ಬರ್ಕೊಳ್ಳೋ ಖರ್ಚು ಇನ್ನೊಂದು ಕಡೆ. ಕಾಸ್ಟ್ ಅಕೌಂಟಿಂಗ್ ಅಲ್ದೇ ಮತ್ತೇನಿದು?

ನನಗೆ ತುಂಬಾ ಇಷ್ಟವಾದದ್ದು ಇಸ್ರೇಲ್‌ನ ಟೆಕ್ನಿಯನ್‌ನಿಂದ 2016ರಲ್ಲಿ ಬಂದ ಒಂದು ಪೇಪರ್, ಮಾರ್ಕೂಜ್, ಮಾರಿಸನ್, ಸಫ್ರಿರ್ ಅವರದ್ದು. ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಡೇಟಾನ ಕಾಪಿ ಮಾಡೋದು ಪಾಪ ಅಂತ ಎಲ್ಲರೂ ನಂಬಿದ್ರು. ಇವರು ಹೇಳಿದ್ದೇನು? ಸಾಧನಕ್ಕೆ ಯಾವಾಗ್ಲೂ ತೆರೆದೇ ಇರೋ ಒಂದಿಷ್ಟು ಪುಟ ಕೊಟ್ಬಿಡಿ, ಡೇಟಾನ ಅಲ್ಲಿಂದ ನಿಮ್ಮ ಪುಟಕ್ಕೆ ಕಾಪಿ ಮಾಡ್ಕೊಳ್ಳಿ. ಪ್ರತಿ ಸಲ ಬಫರ್ ಕೊಟ್ಟು, ಕಿತ್ಕೊಂಡು, ಟಿಎಲ್‌ಬಿ ರದ್ದು ಮಾಡೋದಕ್ಕಿಂತ ಕಾಪಿ ಮಾಡೋದೇ ಅಗ್ಗ ಬೀಳುತ್ತೆ ಅಂತ. ಅಂಗಡಿ ಗೋಡೌನ್ ಬೀಗದ ಕೈನ ದಿನಕ್ಕೆ ನೂರು ಸಲ ಕೊಟ್ಟು ವಾಪಸ್ ಇಸ್ಕೊಳ್ಳೋ ಬದಲು, ಮುಂದೆ ಒಂದು ಟೇಬಲ್ ಹಾಕಿ ಮಾಲು ಅಲ್ಲಿಡಿ ಅಂದ ಹಾಗೆ. ನೋಟಿಸ್ ಕೊಡೋ ಪ್ರಸಂಗವೇ ಬರದ ಹಾಗೆ ವ್ಯವಹಾರ ಜೋಡಿಸೋದು!

7/8

ಈಗ ಐ915 ಕಥೆಯ ಎರಡನೇ ಭಾಗ. ರೀಲ್‌ನವರು ಇದನ್ನ ಹೇಳಿದ್ರೆ ನಾನೇ ಶೇರ್ ಮಾಡ್ತಿದ್ದೆ.

ಜನವರಿಯ ತಿದ್ದುಪಡಿ ಒರಟಾಗಿತ್ತು. ಪುಟ ಬಿಡೋ ಮುಂಚೆ ಗ್ರಾಫಿಕ್ಸ್ ಚಿಪ್‌ನ ಪ್ರತಿ ಎಂಜಿನ್‌ಗೂ, ಅಂದ್ರೆ ಚಿತ್ರ ಬಿಡಿಸೋದು, ವಿಡಿಯೋ ಬಿಡಿಸೋದು, ಕಾಪಿ ಮಾಡೋದು ಎಲ್ಲಕ್ಕೂ, ರದ್ದು ಆದೇಶ ಕೊಟ್ಟು ಉತ್ತರಕ್ಕೆ ಕಾಯಬೇಕು. ಡ್ರೈವರ್ ಕೋಡ್ ಒಳಗೇ ಟಿಪ್ಪಣಿ ಇದೆ: ಸಾಮಾನ್ಯವಾಗಿ 40 ಮೈಕ್ರೋಸೆಕೆಂಡ್, ಕೆಟ್ಟ ಸಂದರ್ಭದಲ್ಲಿ 100 ತನಕ. ಒಂದು ಸಲಕ್ಕೆ ಏನೂ ಅಲ್ಲ. ಆದ್ರೆ ಹತ್ತಾರು ಥ್ರೆಡ್‌ಗಳು ಒಟ್ಟಿಗೆ ಮೆಮೊರಿ ಬಿಡುವಾಗ ಎಲ್ಲರೂ ಒಂದೇ ಬೀಗದ ಮುಂದೆ ಕ್ಯೂ. ಒಬ್ಬ ಇಡೀ ಟಿಎಲ್‌ಬಿ ಅಳಿಸಿ ಹೊರಗೆ ಬರ್ತಾನೆ, ಹಿಂದೆ ನಿಂತವನು ಒಳಗೆ ಹೋಗಿ ಈಗ ತಾನೇ ಅಳಿಸಿದ್ದನ್ನ ಮತ್ತೆ ಅಳಿಸ್ತಾನೆ. ನಮ್ಮ ಕಾಲೇಜಿನ ಫೀಸ್ ಕೌಂಟರ್ ನೆನಪಾದ್ರೆ ನಾನು ಜವಾಬ್ದಾರ ಅಲ್ಲ.

ಅದೇ ವರ್ಷ ಸೇರಿದ ಪ್ಯಾಚ್‌ಗಳು ಇದನ್ನ ಸರಿ ಮಾಡಿದ ರೀತಿ ನೋಡಿ. ಮೊದಲನೇದು: ಚಿಪ್ ಪವರ್ ಆಫ್ ಆಗಿ ಮಲಗಿದ್ರೆ ಅದರ ಟಿಎಲ್‌ಬಿ ಆಗಲೇ ಖಾಲಿ, ಅಳಿಸೋಕೆ ಅಂತ ಎಬ್ಬಿಸಬೇಡಿ. ಎರಡನೇದು: ಕರ್ನಲ್ ಕೈಯಲ್ಲೇ ಪೂರ್ತಿ ಇರೋ, ಬಳಕೆದಾರ ಮುಟ್ಟೋಕೇ ಆಗದ ಪುಟಗಳಿಗೆ ಬೇಡ. ಬಳಕೆದಾರನಿಗೆ ತೆರೆದಿದ್ದವಕ್ಕೆ ಮಾತ್ರ.

ಮೂರನೇದು ನಿಜವಾದ ಜಾಣತನ. ಪ್ರತಿ ಪೂರ್ತಿ ರದ್ದತಿಗೂ ಒಂದು ಕ್ರಮಸಂಖ್ಯೆ. ನಾನು ಪೇಜ್ ಟೇಬಲ್‌ನಲ್ಲಿ ಗೆರೆ ಹೊಡೆದಾಗ, ನನ್ನ ಪುಟದ ಪಕ್ಕ ಆಗಿನ ಸಂಖ್ಯೆ ಬರ್ಕೊಳ್ತೀನಿ. ತಕ್ಷಣ ಏನೂ ಅಳಿಸಲ್ಲ, ಯಾಕಂದ್ರೆ ಪುಟ ಇನ್ನೂ ನನ್ನ ಹತ್ತಿರಾನೇ ಇದೆ, ಬೇರೆಯವರಿಗೆ ಕೊಟ್ಟಿಲ್ಲ. ಕೊಡೋ ಕ್ಷಣ ಬಂದಾಗ ಕೌಂಟರ್ ನೋಡ್ತೀನಿ. ನಾನು ಗೆರೆ ಹೊಡೆದ ಮೇಲೆ ಬೇರೆ ಯಾರೋ, ಅವರ ಕಾರಣಕ್ಕೇ ಇರಲಿ, ಒಂದು ಪೂರ್ತಿ ರದ್ದತಿ ಮುಗಿಸಿದಾರಾ? ಮುಗಿಸಿದ್ರೆ ನನ್ನ ಚೀಟಿಯೂ ಅದರಲ್ಲೇ ಹರಿದಿದೆ. ಪುಟ ಕೊಟ್ಟು ಮುಂದೆ ಹೋಗು. ಮುಗಿಸಿಲ್ವಾ? ಆಗ ಮಾತ್ರ ನಾನೇ ಅಳಿಸ್ತೀನಿ, ಕೌಂಟರ್ ಹೆಚ್ಚಿಸ್ತೀನಿ, ನನ್ನ ಹಿಂದೆ ಇರೋರಿಗೂ ಅದರಿಂದ ಲಾಭ.

ಇಲ್ಲೊಂದು ಸೂಕ್ಷ್ಮ ಇದೆ, ಬಿಟ್ರೆ ಎಲ್ಲಾ ಹಾಳು. ನಾನು ಗೆರೆ ಹೊಡೆಯೋ ಮುಂಚೇನೇ ಶುರುವಾಗಿದ್ದ ರದ್ದತಿ ಲೆಕ್ಕಕ್ಕಿಲ್ಲ. ಅದು ನನ್ನ ಚೀಟಿ ಇದ್ದ ಜಾಗ ದಾಟಿ ಹೋಗಿರಬಹುದು, ಅದಾದ ಮೇಲೆ ಚಿಪ್ ಹಳೇ ಲೆಡ್ಜರ್ ನೋಡಿ ಮತ್ತೆ ಚೀಟಿ ಬರ್ಕೊಂಡಿರಬಹುದು. ಮಾರ್ಚ್ 31ಕ್ಕೆ ಮುಂಚಿನ ಆಡಿಟ್, ಏಪ್ರಿಲ್ ಎಂಟ್ರಿಗೆ ಸಾಕ್ಷಿ ಆಗಲ್ಲ ಅಲ್ವಾ? ಹಾಗೆ.

ಗಮನಿಸಿ, ಒಂದು ಪುಟವೂ ಹಳೇ ಚೀಟಿ ಜೀವಂತ ಇರುವಾಗ ಇನ್ನೊಬ್ಬರ ಕೈಗೆ ಹೋಗಲಿಲ್ಲ. ನಿಯಮ ಒಂದಿಂಚೂ ಸಡಿಲ ಆಗಿಲ್ಲ. ಉಳಿದದ್ದು ಬರೀ ಪುನರಾವರ್ತನೆಯ ಖರ್ಚು. ಇದಕ್ಕೆ ಆಪ್ಟಿಮೈಸೇಶನ್ ಅನ್ನಿ, ನಾನೂ ಎದ್ದು ಚಪ್ಪಾಳೆ ಹೊಡೀತೀನಿ. ಲೇಜಿ ಮೋಡ್ ಜೊತೆ ಹೋಲಿಸಿ ನೋಡಿ: ಅಲ್ಲಿ ಬಫರ್ ಮೊದಲು ಕೈ ಬದಲಾಯಿಸುತ್ತೆ, ನೋಟಿಸ್ ಆಮೇಲೆ. ಇಲ್ಲಿ ನೋಟಿಸ್ ಮೊದಲು, ಕೈ ಬದಲಾವಣೆ ಆಮೇಲೆ, ಬ್ಯಾಚ್ ಮಾತ್ರ ಎರಡರಲ್ಲೂ ಇದೆ. ಬ್ಯಾಚ್ ಮಾಡಿದ್ದು ತಪ್ಪಲ್ಲ ಸ್ವಾಮಿ, ಯಾವುದರ ಮುಂಚೆ ಯಾವುದು ಅನ್ನೋದೇ ಇಡೀ ಪ್ರಶ್ನೆ.

8/8

"ಬಿಕಾಂ ಅವರಿಗೆ ಇದೆಲ್ಲ ಯಾಕೆ" ಅಂತ ಕೇಳಿದ ಬ್ರೋಗೆ: ಲೆಡ್ಜರ್‌ಗೂ ಅದರ ಕಾಪಿಗೂ ತಾಳೆ ಇಲ್ಲದಿದ್ರೆ ಏನಾಗುತ್ತೆ ಅನ್ನೋದನ್ನ ಮೂರು ವರ್ಷ ಓದೋರು ನಾವು. ನಿಮಗೆ ಗೊತ್ತಿರೋ ಕಮಾಂಡ್ ನನಗೆ ಗೊತ್ತಿಲ್ಲ, ಒಪ್ತೀನಿ. ಇದನ್ನ ಬರೆಯೋಕೆ ನನಗೆ ಎರಡು ವಾರ ಹಿಡೀತು, ಅರ್ಧ ಪ್ಯಾಚ್ ಟಿಪ್ಪಣಿಗಳು ಮೂರು ಸಲ ಓದಿದ ಮೇಲೆ ತಲೆಗೆ ಹೋದ್ವು. ಆದ್ರೆ ನಿಮ್ಮ ರೀಲಲ್ಲಿ ಲಾಭ ಮಾತ್ರ ಇತ್ತು, ಹೊಣೆ ಕಾಲಂ ಖಾಲಿ ಇತ್ತು. ಅಂಥ ಬ್ಯಾಲೆನ್ಸ್ ಶೀಟ್ ನಮ್ಮಲ್ಲಿ ಮೊದಲ ಸೆಮಿಸ್ಟರ್ ಹುಡುಗರೂ ನಂಬಲ್ಲ.

ಆ ನಾಲ್ಕು ಜನಕ್ಕೆ, ಹೆಸರು ಹೇಳಲ್ಲ: ಗ್ರಬ್ ಫೈಲ್ ತೆಗೆದು ಆ ಎರಡು ಸಾಲು ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಆಮೇಲೆ ಕರ್ನಲ್ ಲಾಗ್‌ನಲ್ಲಿ ಐಒಎಂಎಂಯು ಅಂತ ಹುಡುಕಿ. ಅದು ಆನ್ ಇದ್ದು ಹೊಸ ಕರ್ನಲ್ ಆಗಿದ್ರೆ, ಟಿಎಲ್‌ಬಿ ಇನ್‌ವ್ಯಾಲಿಡೇಶನ್ ಪಾಲಿಸಿ ಅಂತ ಒಂದು ಸಾಲು ಇರುತ್ತೆ, ಅದರ ಕೊನೇಲಿ ಲೇಜಿ ಅಥವಾ ಸ್ಟ್ರಿಕ್ಟ್ ಅಂತ ಬರೆದಿರುತ್ತೆ. ನಿಮ್ಮದು ಯಾವುದು ಅಂತ ಕಾಮೆಂಟಲ್ಲಿ ಹಾಕಿ. ನಂದು ಲೇಜಿ ಇತ್ತು, ಈಗ ಸ್ಟ್ರಿಕ್ಟ್ ಮಾಡ್ಕೊಂಡು ಹತ್ತು ದಿನ ಆಯ್ತು. ಟ್ಯಾಲಿ ಮಾಮೂಲಿಯಾಗೇ ಓಡ್ತಿದೆ, ಗೇಮ್ ಕೂಡ. ಏನಾದ್ರೂ ನಿಧಾನ ಆಗಿದ್ರೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಅಪ್ಪ ಈ ಪೋಸ್ಟ್ ನೋಡಲ್ಲ, ಅವರಿಗೆ ಅಕೌಂಟ್ ಇಲ್ಲ. ಬೋರ್ಡ್ ಹೊಸದು ಮಾಡಿಸೋಣ ಅಂದ್ರೆ "ಅದಕ್ಕೂ ದುಡ್ಡು ಬೇಕಲ್ಲ" ಅಂತಾರೆ. ಪೇಂಟ್ ಅಂಗಡೀಲೇ ಇದೆ, ಭಾನುವಾರ ನಾನೇ ಇನ್ನೊಂದು ಕೋಟ್ ಹೊಡೀತೀನಿ.

#ಕನ್ನಡದಲ್ಲಿಟೆಕ್ #ಬಿಕಾಂಬಳಗ #ಟಿಎಲ್‌ಬಿ